ಮನೆ ಇಲ್ಲದವನಿಗೆ ‘ಬೀಡಿ ಬಿಡು’ ಅಂತ ಹೇಳೋರ್ಯಾರು?

ರಾತ್ರಿಯ ಕೊನೇ ಬುಲೆಟಿನ್ ಮುಗಿಸಿ ನಾವು ಹೊರಗೆ ಬರೋ ಹೊತ್ತಿಗೆ ಹನ್ನೊಂದು ದಾಟಿರುತ್ತೆ. ಆ ಹೊತ್ತಲ್ಲಿ ಒಂದು ಸಲ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಕೆ.ಆರ್. ಮಾರ್ಕೆಟ್ ಕಡೆಗೆ ಹೋಗಿ ನೋಡಿ. ಹಗಲು ಹೊತ್ತಲ್ಲಿ ಕಾಣದ ಒಂದು ಊರು ಅಲ್ಲಿ ಎದ್ದು ಕೂತಿರುತ್ತೆ. ಮುಚ್ಚಿದ ಅಂಗಡಿಗಳ ಜಗುಲಿ ಮೇಲೆ, ಫ್ಲೈಓವರ್ ಕೆಳಗೆ, ಬಸ್ ಸ್ಟ್ಯಾಂಡಿನ ಗೋಡೆ ಪಕ್ಕ ಸಾಲಾಗಿ ಜನ ಮಲಗಿರ್ತಾರೆ. ತಲೆ ಕೆಳಗೆ ಚಪ್ಪಲಿ, ಮೈ ಮೇಲೆ ಗೋಣಿಚೀಲ. ಆ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ ಹೊಳೀತಿರುತ್ತೆ. ಬೀಡಿ ಇಲ್ಲಾ ಸಿಗರೇಟು.

ಒಂದು ರಾತ್ರಿ ಚಹಾ ಕುಡಿಯೋಕೆ ಅಂತ ನಿಂತವನು ಅಂಥ ಒಬ್ಬರ ಪಕ್ಕ ಕೂತೆ. ಐವತ್ತರ ಆಸುಪಾಸು. ಮಾರ್ಕೆಟ್ಟಿನಲ್ಲಿ ಮೂಟೆ ಹೊರೋ ಕೆಲಸ. ಉತ್ತರ ಕರ್ನಾಟಕದ ಕಡೆಯವರು ಅಂತ ಮಾತಲ್ಲೇ ಗೊತ್ತಾಯ್ತು. “ಊಟ ಆಯ್ತಾ ಯಜಮಾನ್ರೇ?” ಅಂದೆ. ಕೈಯಲ್ಲಿದ್ದ ಬೀಡಿ ತೋರಿಸಿ ನಕ್ಕರು. “ಇದನ್ನ ಸೇದಿದ್ರ ಹಸಿವು ಗೊತ್ತಾಗಂಗಿಲ್ರೀ ಸರ.” ಆಮೇಲೆ ಅವರೇ ಹೇಳಿದರು: “ರಾತ್ರಿ ಕಣ್ಣು ಹತ್ತಿದ್ರ ಚಪ್ಪಲಿನೂ ಹೊತ್ಕೊಂಡ್ ಹೋಗ್ತಾರ್ರೀ. ಎಚ್ಚರ ಇರಬೇಕಲ್ರೀ.” ಬಿಡಬೇಕು ಅಂತ ಯಾವತ್ತೂ ಅನ್ನಿಸಿಲ್ವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇದನ್ನ ನನಗ ಯಾರೂ ಕೇಳಿಲ್ರೀ ಸರ. ನೀವೇ ಮೊದಲು.”

ಆ ಮಾತು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ನೋಡಿ, ಸಿಗರೇಟು ಬಿಡಿ ಅಂತ ನನಗೆ ಹೇಳೋಕೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಡಾಕ್ಟರ್ ಇದ್ದಾರೆ. ನಿಮಗೂ ಇದ್ದಾರೆ. ಆ ಮನುಷ್ಯನಿಗೆ ಯಾರಿದ್ದಾರೆ?

ನೀವು ಕೇಳಬಹುದು. ‘ಅಲ್ಲಾ ಸ್ವಾಮಿ, ತಿನ್ನೋಕೆ ಅನ್ನ ಇಲ್ಲ, ತಲೆ ಮೇಲೆ ಸೂರಿಲ್ಲ. ಅವನಿಗಿರೋದು ಅದೊಂದೇ ಸುಖ. ಅದನ್ನೂ ಕಿತ್ಕೊಳ್ಳೋದಾ?’ ಕೇಳೋಕೆ ಕರುಣೆಯ ಮಾತಿನ ಹಾಗೇ ಇದೆ. ಆದರೆ ಈ ಕರುಣೆಯೇ ಅವನ ಜೀವ ತಿಂತಿದೆ. ಹೇಗೆ ಅಂತ ಹೇಳ್ತೀನಿ ಕೇಳಿ.

ಅಮೆರಿಕದ ಬಾಸ್ಟನ್ ನಗರದಲ್ಲಿ ಮನೆ ಇಲ್ಲದವರಿಗಾಗಿಯೇ ಒಂದು ಆರೋಗ್ಯ ಸಂಸ್ಥೆ ಇದೆ. 1985ರಲ್ಲಿ ಶುರುವಾಗಿದ್ದು. ಇಲ್ಲಿನ ಡಾಕ್ಟರುಗಳು ರಾತ್ರಿ ಹೊತ್ತು ಬೀದಿಗೇ ಹೋಗಿ ರೋಗಿಗಳನ್ನ ನೋಡ್ತಾರೆ. ಈ ಸಂಸ್ಥೆಗೆ 2003ರಿಂದ 2008ರವರೆಗೆ ಚಿಕಿತ್ಸೆಗೆ ಬಂದಿದ್ದ 28,033 ಜನರ ಲೆಕ್ಕವನ್ನ ಡಾ. ಟ್ರಾವಿಸ್ ಬ್ಯಾಗೆಟ್ ಮತ್ತು ಅವರ ಸಂಗಡಿಗರು ತೆಗೆದು ನೋಡಿದರು. ಅಷ್ಟು ವರ್ಷದಲ್ಲಿ 1,302 ಜನ ಸತ್ತಿದ್ದರು. ಯಾಕೆ ಸತ್ತರು? ಮಾದಕ ವಸ್ತುವಿನ ಓವರ್‌ಡೋಸ್ ಮೊದಲ ಕಾರಣ. ಅದು ಎಲ್ಲರೂ ಊಹಿಸೋದೇ. ಆದರೆ ಅದರ ಬೆನ್ನಿಗೇ, ಹೆಚ್ಚು ಕಮ್ಮಿ ಅಷ್ಟೇ ಸಂಖ್ಯೆಯಲ್ಲಿ ಇದ್ದಿದ್ದು ಕ್ಯಾನ್ಸರ್ ಮತ್ತು ಹೃದಯದ ಕಾಯಿಲೆ. ನಲವತ್ತೈದು ದಾಟಿದವರಲ್ಲಂತೂ ಈ ಎರಡೇ ಮುಂದೆ. ಎರಡರ ಹಿಂದೆಯೂ ನಿಂತಿರೋ ದೊಡ್ಡ ಕಾರಣಗಳಲ್ಲಿ ಒಂದು ತಂಬಾಕು.

ಅಂದ್ರೆ ಏನಾಯ್ತು? ಬೀದಿಯಲ್ಲಿರೋನು ಚಳಿಗೆ ಸಾಯ್ತಾನೆ, ಹಸಿವಿಗೆ ಸಾಯ್ತಾನೆ, ಅಪಘಾತಕ್ಕೆ ಸಾಯ್ತಾನೆ ಅಂತ ನಾವಂದುಕೊಂಡಿರ್ತೀವಿ. ಆದರೆ ಅವನ ಜೇಬಲ್ಲಿರೋ ಆ ಸಣ್ಣ ಪ್ಯಾಕೆಟ್ಟೂ ಅವನನ್ನ ಕೊಲ್ತಾ ಇರುತ್ತೆ. 2003ರಲ್ಲಿ ಅಮೆರಿಕದಾದ್ಯಂತ ಇಂಥ ಆರೋಗ್ಯ ಕೇಂದ್ರಗಳಿಗೆ ಬರೋ ವಯಸ್ಕರ ಸಮೀಕ್ಷೆ ನಡೀತು. ಅವರಲ್ಲಿ ಸಿಗರೇಟು ಸೇದೋರು 73%. ಅದೇ ಹೊತ್ತಲ್ಲಿ ಇಡೀ ಅಮೆರಿಕದ ವಯಸ್ಕರಲ್ಲಿ ಸೇದ್ತಿದ್ದವರು ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ನಮ್ಮ ಕಡೆ ಬನ್ನಿ. 2011ರ ಜನಗಣತಿ ಪ್ರಕಾರ ಭಾರತದಲ್ಲಿ ಮನೆ ಇಲ್ಲದವರು 17.7 ಲಕ್ಷ. ಕರ್ನಾಟಕದಲ್ಲೇ ಮುಕ್ಕಾಲು ಲಕ್ಷಕ್ಕೂ ಹೆಚ್ಚು. ಇವರೆಲ್ಲ ಭಿಕ್ಷುಕರು ಅಂದ್ಕೋಬೇಡಿ. ಮೂಟೆ ಹೊರೋರು, ಗಾರೆ ಕೆಲಸದವರು, ಮದುವೆ ಮನೆಯಲ್ಲಿ ನಮಗೆ ಬಡಿಸೋ ಕ್ಯಾಟರಿಂಗ್ ಹುಡುಗರು, ಚಿಂದಿ ಆಯೋರು, ಇವರಲ್ಲಿ ಎಷ್ಟೋ ಜನ ರಾತ್ರಿ ಮಲಗೋದು ಫುಟ್‌ಪಾತ್ ಮೇಲೆ. ದುಡೀತಾರೆ. ಆದರೆ ಬಾಡಿಗೆಗೊಂದು ರೂಮು ಹಿಡಿಯೋಕೆ ಅಡ್ವಾನ್ಸ್ ಹುಟ್ಟಲ್ಲ.

ಈಗ ಒಂದು ಲೆಕ್ಕ ಹಾಕೋಣ. ದಿನಕ್ಕೆ ನೂರು ರೂಪಾಯಿ ಸಿಗರೇಟಿಗೆ ಹೋಯ್ತು ಅಂತಿಟ್ಕೊಳ್ಳಿ. ತಿಂಗಳಿಗೆ ಮೂರು ಸಾವಿರ. ವರ್ಷಕ್ಕೆ 36,500 ರೂಪಾಯಿ. ನಾಲ್ಕು ಜನ ಸೇರಿ ಒಂದು ರೂಮು ಹಿಡಿದರೆ ಅಡ್ವಾನ್ಸಿಗೆ ಇವನ ಪಾಲು ಇದರಲ್ಲೇ ಹುಟ್ಟುತ್ತೆ! ಇಂದಿರಾ ಕ್ಯಾಂಟೀನ್ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಅಂತ ದರ ಇಟ್ಟರು. ಹಸಿವು ಮರೆಯೋಕೆ ಅಂತ ಸೇದೋ ಒಂದೆರಡು ಸಿಗರೇಟಿನ ದುಡ್ಡಲ್ಲಿ ನಿಜವಾದ ಊಟವೇ ಬರುತ್ತೆ. ಆದರೆ ಇದನ್ನ ಅವನ ಮುಂದೆ ನಿಂತು ಭಾಷಣ ಮಾಡಿದರೆ ಏನೂ ಉಪಯೋಗ ಇಲ್ಲ. ಯಾಕಂದ್ರೆ ಇದು ಲೆಕ್ಕ ಬರದೆ ಆದ ಸಮಸ್ಯೆ ಅಲ್ಲ. ಇದು ಚಟ. ಚಟಕ್ಕೆ ಲೆಕ್ಕ ಅರ್ಥ ಆಗಲ್ಲ.

ಚಟ ಹೇಗೆ ಕೆಲಸ ಮಾಡುತ್ತೆ? ಒಂದು ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮಿದುಳಿಗೆ ಹೋಗಿ ತಲುಪುತ್ತೆ. ಹಿತ ಅನ್ನಿಸುತ್ತೆ. ಹಸಿವು ಮಂಕಾಗುತ್ತೆ, ನಿದ್ದೆ ದೂರ ಹೋಗುತ್ತೆ. ಒಂದೆರಡು ಗಂಟೆಯಲ್ಲಿ ಅದರ ಮಟ್ಟ ಇಳೀತಿದ್ದ ಹಾಗೆ ಕಿರಿಕಿರಿ, ಚಡಪಡಿಕೆ, ಸಿಟ್ಟು. ಮತ್ತೊಂದು ಸೇದಿದರೆ ಸರಿ ಹೋಗುತ್ತೆ. ‘ಟೆನ್ಶನ್ ಕಮ್ಮಿ ಮಾಡ್ಕೊಳ್ಳೋಕೆ ಸೇದ್ತೀನಿ’ ಅಂತಾರಲ್ಲ, ಆ ಟೆನ್ಶನ್ನಿನಲ್ಲಿ ದೊಡ್ಡ ಪಾಲನ್ನ ಹುಟ್ಟಿಸಿದ್ದು ಹಿಂದಿನ ಸಿಗರೇಟೇ. ಬಿಟ್ಟ ಮೊದಲ ಮೂರು ದಿನ ಈ ಚಡಪಡಿಕೆ ತಾರಕಕ್ಕೆ ಹೋಗುತ್ತೆ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತೆ.

ಆ ಮೂರು ದಿನವನ್ನ ನಾವು ಹೇಗೆ ಕಳೀತೀವಿ? ಮನೆಯಲ್ಲಿ ಬಾಗಿಲು ಹಾಕ್ಕೊಂಡು ಮಲಗ್ತೀವಿ, ಟಿವಿ ನೋಡ್ತೀವಿ, ಹೆಂಡತಿ ಮೇಲೆ ರೇಗಾಡಿ ಆಮೇಲೆ ಸಾರಿ ಕೇಳ್ತೀವಿ. ಬೀದಿಯಲ್ಲಿರೋನು ಎಲ್ಲಿಗೆ ಹೋಗ್ತಾನೆ? ಅವನ ಎಡಕ್ಕೂ ಬಲಕ್ಕೂ ಸೇದೋರೇ. ಅಲ್ಲಿ ಬೀಡಿ ಅಂದ್ರೆ ಬರೀ ಬೀಡಿ ಅಲ್ಲ, ಪರಿಚಯ ಮಾಡ್ಕೊಳ್ಳೋ ದಾರಿ. ‘ಒಂದು ಬೀಡಿ ಕೊಡಣ್ಣ’ ಅನ್ನೋದ್ರಿಂದಲೇ ಅಲ್ಲಿ ಸ್ನೇಹ ಶುರುವಾಗೋದು. ಕೈಯಲ್ಲಿ ಕಾಸಿಲ್ಲದ ದಿನ ರಸ್ತೆಯಲ್ಲಿ ಬಿದ್ದ ಮೋಟು ಬೀಡಿ ಆಯ್ದು ಸೇದ್ತಾರೆ. ಒಂದೇ ಬೀಡಿಯನ್ನ ಮೂರ್ನಾಲ್ಕು ಜನ ಹಂಚ್ಕೋತಾರೆ. ಸೋಂಕೂ ಹಂಚಿಕೆ ಆಗುತ್ತೆ. ಧೂಮಪಾನ ಮಾಡೋರಿಗೆ ಟಿಬಿ ಬರೋ ಅಪಾಯ ಎರಡರಿಂದ ಎರಡೂವರೆ ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಒಬ್ಬರ ಪಕ್ಕ ಒಬ್ಬರು ಒತ್ತಿಕೊಂಡು ಮಲಗೋ ತಂಗುದಾಣದಲ್ಲಿ ಇದರ ಅರ್ಥ ಏನು ಅಂತ ನೀವೇ ಯೋಚನೆ ಮಾಡಿ.

ಈ ಜನರ ಬಗ್ಗೆ ನಮ್ಮ ತಲೆಯಲ್ಲಿ ಮೂರು ತಪ್ಪು ಕಲ್ಪನೆ ಕೂತಿದೆ.

ಮೊದಲನೇದು, ‘ಅವರಿಗೆ ಬಿಡೋ ಮನಸ್ಸೇ ಇಲ್ಲ’ ಅನ್ನೋದು. 2016–17ರಲ್ಲಿ ದೇಶಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಬೀಡಿ, ಸಿಗರೇಟು ಸೇದೋರಲ್ಲಿ 55.4% ಜನ ಬಿಡೋ ಯೋಚನೆ ಇದೆ ಅಂದಿದ್ದರು. ಬಿಡಬೇಕು ಅನ್ನೋ ಆಸೆ ಮನೆ ಇದ್ದವರ ಸ್ವತ್ತಲ್ಲ. ಬೀದಿಯಲ್ಲಿರೋರನ್ನ ಕೇಳಿದಲ್ಲೆಲ್ಲ, ಅಮೆರಿಕದಲ್ಲೂ, ಬಿಡ್ತೀವಿ ಅನ್ನೋರು ಬೇಕಾದಷ್ಟು ಜನ ಸಿಕ್ಕಿದ್ದಾರೆ.

ಎರಡನೇದು, ‘ಬಿಡಿಸಿದರೆ ತಲೆ ಕೆಡುತ್ತೆ, ಕುಡಿತ ಜಾಸ್ತಿ ಆಗುತ್ತೆ’ ಅನ್ನೋದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವಾರು ಅಧ್ಯಯನಗಳನ್ನ ಒಟ್ಟು ಮಾಡಿದ ಒಂದು ವಿಶ್ಲೇಷಣೆ ಬಂತು. ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಮ್ಮಿ ಆಗಿತ್ತು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ. ಕುಡಿತದ ಚಿಕಿತ್ಸೆ ಜತೆಗೇ ಸಿಗರೇಟೂ ಬಿಡಿಸಿದರೆ ಕುಡಿತ ಬಿಟ್ಟು ಉಳಿಯೋ ಸಾಧ್ಯತೆ ಹೆಚ್ಚೇ ಆಗುತ್ತೆ ಅಂತ ಬೇರೆ ಅಧ್ಯಯನಗಳು ಹೇಳ್ತವೆ.

ಮೂರನೇದು, ‘ಮೊದಲು ಮನೆ ಕೊಡಿ, ಆಮೇಲೆ ಚಟ ಬಿಡಿಸಿ’. ಮನೆ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಸಿಗೋವರೆಗೆ ಶ್ವಾಸಕೋಶ ಕಾಯಲ್ಲ ಸ್ವಾಮಿ!

ಹಾಗಾದ್ರೆ ಬಿಡಿಸೋದು ಹೇಗೆ? ಸುಲಭ ಅಂತ ನಾನು ಹೇಳಲ್ಲ. ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅನ್ನೋ ಜೋಡಿ ನಗರಗಳಲ್ಲಿ ಮನೆ ಇಲ್ಲದ 430 ಧೂಮಪಾನಿಗಳ ಮೇಲೆ ಒಂದು ಪ್ರಯೋಗ ನಡೀತು. ಅದರ ಫಲಿತಾಂಶ 2013ರಲ್ಲಿ ಬಂತು. ಎಲ್ಲರಿಗೂ ಎಂಟು ವಾರ ನಿಕೋಟಿನ್ ಪ್ಯಾಚ್ ಕೊಟ್ಟರು. ಅರ್ಧ ಜನರಿಗೆ ಅದರ ಜತೆಗೆ ಆಪ್ತಸಮಾಲೋಚನೆ ಕೊಟ್ಟರು. ಬೈಯೋದಲ್ಲ, ಉಪದೇಶ ಅಲ್ಲ, ಅವರ ಮನಸ್ಸಿನ ಮಾತನ್ನ ಕೇಳಿ ಕೇಳಿ ಅವರಿಂದಲೇ ನಿರ್ಧಾರ ಹೊರಡಿಸೋ ವಿಧಾನ. ಆರು ತಿಂಗಳಾದ ಮೇಲೆ ನೋಡಿದರೆ, ಸಮಾಲೋಚನೆ ಸಿಕ್ಕವರಲ್ಲಿ ಬಿಟ್ಟವರು 9.3%. ಸಿಗದವರಲ್ಲಿ 5.6%. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಅಂತ ಸಂಶೋಧಕರೇ ಪ್ರಾಮಾಣಿಕವಾಗಿ ಒಪ್ಕೊಂಡರು.

ನೂರಕ್ಕೆ ಒಂಬತ್ತೇನಾ ಅಂತ ನಗಬೇಡಿ. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ. ವಿಳಾಸ ಇಲ್ಲದ, ಇವತ್ತು ಇಲ್ಲಿ ನಾಳೆ ಎಲ್ಲೋ ಅನ್ನೋ ಹಾಗಿರೋ ಜನರಲ್ಲಿ ಮುಕ್ಕಾಲು ಭಾಗ ಆರು ತಿಂಗಳ ಕೊನೆಯ ತಪಾಸಣೆಗೂ ಬಂದಿದ್ದರು. ಕರೆದರೆ ಬರ್ತಾರೆ ಅಂತ ಆಯ್ತಲ್ಲ. ಬಾಸ್ಟನ್‌ನಲ್ಲಿ ಇನ್ನೊಂದು ಸಣ್ಣ ಪ್ರಯೋಗ ಮಾಡಿದರು. ಒಂದು ಯಂತ್ರಕ್ಕೆ ಊದಿಸಿ ಉಸಿರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆಯಾ ಅಂತ ನೋಡೋದು. ಸೇದಿಲ್ಲ ಅಂತ ಗೊತ್ತಾದರೆ ಒಂದು ಸಣ್ಣ ಮೊತ್ತದ ಬಹುಮಾನ. ಬಹುಮಾನ ಇದ್ದವರು ಆ ಎಂಟು ವಾರದಲ್ಲಿ ಹೆಚ್ಚು ಸಲ ಈ ಪರೀಕ್ಷೆ ಪಾಸ್ ಆದರು. ‘ನೀನು ಇವತ್ತು ಗೆದ್ದೆ’ ಅಂತ ಒಬ್ಬರು ಹೇಳಿದರೆ ಸಾಕು, ನಾಳೆಗೊಂದು ಆಸೆ ಹುಟ್ಟುತ್ತೆ.

ಔಷಧಿ ವಿಷಯಕ್ಕೆ ಬರ್ತೀನಿ. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್ ಇವೆಲ್ಲ ದೇಹಕ್ಕೆ ನಿಕೋಟಿನ್ನನ್ನ ಹೊಗೆ ಇಲ್ಲದೆ, ಟಾರ್ ಇಲ್ಲದೆ, ಕಾರ್ಬನ್ ಮಾನಾಕ್ಸೈಡ್ ಇಲ್ಲದೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಚಡಪಡಿಕೆ ಇಳಿಸ್ತವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇವನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಗೆ 2022ರಲ್ಲಿ ಸೇರಿತು. ಗಮ್ ಅಗಿಯೋಕೂ ಒಂದು ಕ್ರಮ ಇದೆ. ಬಬಲ್‌ಗಮ್ ಥರ ಒಂದೇ ಸಮ ಅಗಿಯೋ ಹಾಗಿಲ್ಲ. ನಿಧಾನ ಅಗಿದು, ನಾಲಿಗೆ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಕೋಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗೀಬೇಕು. ಹಾಕ್ಕೊಳ್ಳೋ ಕಾಲು ಗಂಟೆ ಮೊದಲಿಂದ ಕಾಫಿ, ಚಹಾ ಬೇಡ, ಔಷಧಿ ಸರಿಯಾಗಿ ಹಿಡಿಯಲ್ಲ. ಹಲ್ಲೇ ಇಲ್ಲದವರಿಗೆ ಗಮ್ ಆಗಲ್ಲ, ಅವರಿಗೆ ಮೈಗೆ ಅಂಟಿಸೋ ಪ್ಯಾಚ್ ವಾಸಿ. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನ ಕೇಳಿಯೇ ತಗೋಬೇಕು. ಇಷ್ಟು ಸಣ್ಣ ವಿಷಯ ಹೇಳಿಕೊಡೋಕೂ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ನಾವು ಅಲ್ಲಿಗೆ ಹೋಗಲಿಲ್ಲ. ಆದರೆ ಸಿಗರೇಟು ಕಂಪನಿ ಹೋಗಿತ್ತು ಗೊತ್ತಾ? ತೊಂಬತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಸಿಗರೇಟು ಕಂಪನಿ ಆರ್.ಜೆ. ರೆನಾಲ್ಡ್ಸ್, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಲಿಂಗಿಗಳನ್ನ ಮತ್ತು ಬೀದಿಯಲ್ಲಿ ವಾಸಿಸೋರನ್ನ ಗುರಿ ಮಾಡಿ ಒಂದು ಮಾರಾಟ ಯೋಜನೆ ಹಾಕಿತ್ತು. ಆ ಯೋಜನೆಯ ಹೆಸರನ್ನ ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿದರೆ ‘ಸ್ಕಮ್’ ಅಂತ ಬರ್ತಿತ್ತು. ಸ್ಕಮ್ ಅಂದ್ರೆ ಕೊಚ್ಚೆಯ ಮೇಲೆ ತೇಲೋ ಕೆನೆ! ಕಂಪನಿಯ ಒಳಗಿನ ಕಾಗದಗಳು ಮುಂದೆ ಹೊರಗೆ ಬಂದಾಗ ಇದು ಜಗತ್ತಿಗೇ ಗೊತ್ತಾಯ್ತು. ಸರ್ಕಾರದ ಕಣ್ಣಿಗೆ ಕಾಣದ ಜನ ಮಾರೋರ ಕಣ್ಣಿಗೆ ಮೊದಲು ಕಾಣ್ತಾರೆ.

ಈಗ ಕಾನೂನಿನ ಮಾತು. 2025ರಲ್ಲಿ ನಮ್ಮ ರಾಜ್ಯದ ತಂಬಾಕು ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂತು. ತಂಬಾಕು ಕೊಳ್ಳೋ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿತು. ಒಳ್ಳೇದೇ. ಇನ್ನೊಬ್ಬರ ಹೊಗೆ ನಾವ್ಯಾಕೆ ಕುಡೀಬೇಕು? ಆದರೆ ಒಂದು ಪ್ರಶ್ನೆ. ಸಾರ್ವಜನಿಕ ಸ್ಥಳ ಬಿಟ್ಟರೆ ಬೇರೆ ಸ್ಥಳವೇ ಇಲ್ಲದವನು ಏನು ಮಾಡಬೇಕು? ಅವನ ಮಲಗೋ ಕೋಣೆಯೂ ಬಸ್ ಸ್ಟ್ಯಾಂಡು, ಹಜಾರವೂ ಬಸ್ ಸ್ಟ್ಯಾಂಡು. ಮೂಟೆ ಹೊತ್ತು ಗಳಿಸಿದ ದುಡ್ಡಲ್ಲಿ ಸಾವಿರ ರೂಪಾಯಿ ದಂಡ ಕಟ್ಟಿದರೆ ಆ ವಾರದ ಊಟ ಹೋಯ್ತು, ಚಟ ಮಾತ್ರ ಹಾಗೇ ಉಳೀತು. ದಂಡದ ರಸೀದಿ ಕೊಡೋ ಕೈಯಲ್ಲೇ ಚಟ ಬಿಡಿಸೋ ಒಂದು ಚೀಟಿ ಕೊಟ್ಟರೆ ಏನು ನಷ್ಟ?

ಆ ಚೀಟಿಯಲ್ಲಿ ಏನಿರಬೇಕು ಅಂತ ಕೇಳ್ತೀರಾ? ಬರ್ಕೊಳ್ಳಿ: 1800-11-2356. ಇದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. ಕರೆ ಉಚಿತ. 2016ರಲ್ಲಿ ದೆಹಲಿಯಲ್ಲಿ ಶುರುವಾಗಿದ್ದು, 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಇದೆ. ಕನ್ನಡದಲ್ಲೇ ಮಾತಾಡ್ತಾರೆ. ಸಿಗರೇಟು ಪ್ಯಾಕಿನ ಮೇಲೂ ಈ ನಂಬರ್ ಅಚ್ಚಾಗಿರುತ್ತೆ. ಆದರೆ ಇಲ್ಲೂ ಬಡವನಿಗೇ ಮೋಸ ನೋಡಿ. ಅವನು ಕೊಳ್ಳೋದು ಪ್ಯಾಕ್ ಅಲ್ಲ, ಬಿಡಿ ಸಿಗರೇಟು. ನಮ್ಮ ರಾಜ್ಯದಲ್ಲಿ ಬಿಡಿಯಾಗಿ ಮಾರೋದು ನಿಷಿದ್ಧ, ಆದರೂ ಪೆಟ್ಟಿಗೆ ಅಂಗಡಿಗಳಲ್ಲಿ ಮಾರ್ತಾನೇ ಇದ್ದಾರೆ. ಹಾಗಾಗಿ ಆ ನಂಬರೂ ಅವನ ಕಣ್ಣಿಗೆ ಬೀಳಲ್ಲ, ಎಚ್ಚರಿಕೆ ಚಿತ್ರವೂ ಬೀಳಲ್ಲ.

ಸರ್ಕಾರಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಒಂದು ಲಕ್ಷ ನಗರವಾಸಿಗಳಿಗೆ ಒಂದು ತಂಗುದಾಣ ಇರಬೇಕು ಅನ್ನೋ ಲೆಕ್ಕ 2010ರಲ್ಲಿ ಸುಪ್ರೀಂ ಕೋರ್ಟ್ ಕಾಲದಿಂದಲೂ ಇದೆ. ಇರೋ ತಂಗುದಾಣಗಳಲ್ಲಿ ಸಂಜೆ ಹೆಸರು ಬರ್ಕೊಳ್ಳುವಾಗ ಒಂದು ಪ್ರಶ್ನೆ ಹೆಚ್ಚು ಕೇಳಲಿ: ‘ಬೀಡಿ, ಸಿಗರೇಟು ಸೇದ್ತೀರಾ? ಬಿಡೋ ಮನಸ್ಸಿದೆಯಾ?’ ಇದೆ ಅಂದವರ ಹೆಸರನ್ನ ಹತ್ತಿರದ ‘ನಮ್ಮ ಕ್ಲಿನಿಕ್’ಗೆ ಕೊಡಲಿ. ವಾರಕ್ಕೊಂದು ದಿನ ಒಬ್ಬ ಸಮಾಲೋಚಕ ತಂಗುದಾಣಕ್ಕೇ ಬರಲಿ. ಗಮ್, ಪ್ಯಾಚ್ ಉಚಿತವಾಗಿ ಅಲ್ಲೇ ಸಿಗಲಿ. ಸೇದ್ತಾನೆ ಅಂತ ರಾತ್ರಿ ಹೊರಗೆ ದಬ್ಬೋದು ಬೇಡ. ಒಳಗೆ ಸೇದಬಾರದು ಅನ್ನೋ ನಿಯಮ ಇರಲಿ, ಅದರ ಜತೆಗೆ ಚಡಪಡಿಕೆಗೆ ಒಂದು ಗಮ್ಮೂ ಇರಲಿ. ಟಿಬಿ ಮಾತ್ರೆ ತಗೊಳ್ಳೋಕೆ ಬಂದವನನ್ನ ಬೀಡಿ ವಿಷಯವೂ ಕೇಳಲಿ. ದುಡ್ಡೆಲ್ಲಿಂದ ಅಂತೀರಾ? ನೀವು ಕಟ್ಟೋ ಆಸ್ತಿ ತೆರಿಗೆ ಮೇಲೆ 3% ಭಿಕ್ಷುಕರ ಸೆಸ್ ಅಂತ ಸೇರಿರುತ್ತೆ, ಒಂದು ಸಲ ರಸೀದಿ ತೆಗೆದು ನೋಡಿ. ಗತಿ ಇಲ್ಲದವರಿಗೆ ಅಂತ ನೀವು ಆಗಲೇ ದುಡ್ಡು ಕೊಡ್ತಾ ಇದ್ದೀರಿ. ಅಂಥವರ ಆರೋಗ್ಯಕ್ಕೆ ಅದರಲ್ಲಿ ಎಷ್ಟು ಹೋಗ್ತಿದೆ ಅಂತ ಕೇಳೋ ಹಕ್ಕು ನಿಮಗಿದೆ.

ನಾವು ನೀವು ಏನು ಮಾಡಬಹುದು? ಕೈ ಚಾಚಿದವನಿಗೆ ಸಿಗರೇಟು ಕೊಟ್ಟು ಪುಣ್ಯ ಬಂತು ಅಂದ್ಕೋಬೇಡಿ, ಊಟ ಕೊಡಿಸಿ. ನಿಮ್ಮ ಅಂಗಡಿ ಮುಂದೆ ಮಲಗೋನು, ನಿಮ್ಮ ಕಟ್ಟಡದಲ್ಲಿ ಕೆಲಸ ಮಾಡೋನು ಬಿಡ್ತೀನಿ ಅಂದರೆ ನಿಮ್ಮ ಫೋನಿಂದ ಒಂದು ಕರೆ ಮಾಡಿಸಿ. ಬಿಟ್ಟು ಮತ್ತೆ ಶುರು ಮಾಡಿದರೆ ‘ನಾಯಿ ಬಾಲ ಡೊಂಕು’ ಅನ್ನಬೇಡಿ. ಮನೆ ಇದ್ದವರೇ ಎಷ್ಟು ಸಲ ಬಿಟ್ಟು ಎಷ್ಟು ಸಲ ಹಿಡಿದಿದ್ದಾರೆ? ಪ್ರತಿ ಸಲ ಬಿಟ್ಟಾಗಲೂ ದೇಹ ಅದರ ಲಾಭ ಪಡೆಯುತ್ತೆ. ಇಪ್ಪತ್ತು ನಿಮಿಷದಲ್ಲಿ ಎದೆ ಬಡಿತ ಇಳಿಯೋಕೆ ಶುರುವಾಗುತ್ತೆ. ಒಂದು ವರ್ಷ ಬಿಟ್ಟರೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತೆ. ಅರಮನೆಯಲ್ಲಿರೋನ ಎದೆಗೂ ಫುಟ್‌ಪಾತ್ ಮೇಲಿರೋನ ಎದೆಗೂ ಈ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ.

ಆ ರಾತ್ರಿ ಎದ್ದು ಬರೋ ಮುಂಚೆ ಒಂದು ಕಾಗದದ ಮೇಲೆ ಆ ಕ್ವಿಟ್‌ಲೈನ್ ನಂಬರ್ ಬರೆದು ಯಜಮಾನರ ಕೈಗೆ ಕೊಟ್ಟೆ. ಎರಡು ಸಲ ಮಡಿಚಿ ಅಂಗಿಯ ಒಳಜೇಬಿಗೆ ಹಾಕ್ಕೊಂಡರು. ಬೀಡಿ ಕಟ್ಟು ಇದ್ದಿದ್ದು ಹೊರಜೇಬಲ್ಲಿ. ಅವರು ಕರೆ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಬೆಲೆಬಾಳೋದನ್ನ ಬಡವ ಯಾವ ಜೇಬಲ್ಲಿ ಇಟ್ಕೋತಾನೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳೋರು ಇಲ್ಲ ಅನ್ನೋ ಕಾರಣಕ್ಕೆ ಒಬ್ಬ ಮನುಷ್ಯ ಸಾಯಬಾರದು. ಕೇಳಿ. ಅಷ್ಟರಿಂದಲೇ ಶುರುವಾಗಲಿ.